ಡೀಸೆಲ್ ಪಿಕಪ್‌ಗೆ ಯಾವ ಏರ್ ಇಂಟೇಕ್: ಪೇಪರ್ ಫಿಲ್ಟರೋ, ಕಾಟನ್ನೋ, ಕೋನ್ ಕಿಟ್ಟೋ, ಸ್ನಾರ್ಕೆಲ್ಲೋ?

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್, ಬೊಲೆರೊ ಕ್ಯಾಂಪರ್, ಯಾವುದೇ ಇರಲಿ. ಗಾಡಿ ಕೈಗೆ ಬಂದು ಸ್ವಲ್ಪ ದಿನ ಆದ ಮೇಲೆ ಬಾನೆಟ್ ಎತ್ತಿದವರ ಕಣ್ಣು ಎಂಜಿನ್‌ಗೆ ಗಾಳಿ ಸೋಸಿ ಕೊಡುವ ಆ ಕಪ್ಪು ಪ್ಲಾಸ್ಟಿಕ್ ಡಬ್ಬದ ಮೇಲೆ ಬಿದ್ದೇ ಬೀಳುತ್ತದೆ. ಇದನ್ನು ಕಿತ್ತು ಒಳ್ಳೆ ಇಂಟೇಕ್ ಕೂರಿಸಿದರೆ ಎಳೆತ ಜಾಸ್ತಿ ಆಗುತ್ತಾ ಅನ್ನೋ ಪ್ರಶ್ನೆ ಅಲ್ಲಿಂದ ಶುರು. ಯೂಟ್ಯೂಬ್ ಹೌದು ಅನ್ನುತ್ತದೆ. ಆಕ್ಸೆಸರಿ ಅಂಗಡಿಯವರೂ ಹೌದು ಅನ್ನುತ್ತಾರೆ. ನಮ್ಮ ಕಡೆ ಓಡುವ ಡೀಸೆಲ್ ಪಿಕಪ್ ಮಟ್ಟಿಗೆ ನಾನು ಇಲ್ಲ ಅನ್ನುತ್ತೇನೆ. ಇಂಟೇಕ್‌ಗೆ ದುಡ್ಡು ಹಾಕಲು ಎರಡೇ ಸರಿಯಾದ ಕಾರಣ ಇವೆ. ಒಂದು ಧೂಳು, ಇನ್ನೊಂದು ನೀರು. ನಿಮ್ಮ ದಾರಿಯಲ್ಲಿ ಯಾವುದು ಎಷ್ಟಿದೆ ಅಂತ ನೋಡಿಕೊಂಡರೆ ಆಯ್ಕೆ ಅರ್ಧ ಮುಗಿದ ಹಾಗೆ.

ಎಳೆತ ಯಾಕೆ ಹೆಚ್ಚುವುದಿಲ್ಲ

ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯ ಬಾಗಿಲು ತೆರೆಯುತ್ತದೆ. ಡೀಸೆಲ್‌ನಲ್ಲಿ ಹಾಗಲ್ಲ, ಒತ್ತಿದಷ್ಟೂ ಹೆಚ್ಚುವುದು ಡೀಸೆಲ್. ಗಾಳಿ ಅದಕ್ಕೆ ಬೇಕಾದ್ದಕ್ಕಿಂತ ಯಾವಾಗಲೂ ಜಾಸ್ತಿಯೇ ಇರುತ್ತದೆ. ಎಷ್ಟು ಡೀಸೆಲ್ ಚಿಮ್ಮಬೇಕು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಷ್ಟು ಒತ್ತಡ ಕೊಡಬೇಕು ಅನ್ನೋದನ್ನು ತೀರ್ಮಾನಿಸುವುದು ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್. ಫಿಲ್ಟರ್ ಸ್ವಲ್ಪ ಕಟ್ಟಿಕೊಂಡರೆ ಟರ್ಬೊ ತುಸು ಜೋರಾಗಿ ತಿರುಗಿ ಸರಿದೂಗಿಸುತ್ತದೆ. 2021ರಿಂದ ಬಂದ ಬಿಎಸ್6 (ಹೊಗೆಯ ಹೊಸ ನಿಯಮದ) ವಿ-ಕ್ರಾಸ್‌ನ 1.9 ಲೀಟರ್ ಎಂಜಿನ್ 163 ಪಿಎಸ್ ಶಕ್ತಿ ಕೊಡುತ್ತದೆ. ಗಾಳಿ ಸಲೀಸಾಗಿ ಬರ್ತಾ ಇದೆ ಅಂತ ಅದು ತಾನಾಗೇ 170 ಕೊಡುವುದಿಲ್ಲ. ಅದಕ್ಕೆ ಇಸಿಯು ರೀಮ್ಯಾಪ್ ಮಾಡಬೇಕು, ಅಂದರೆ ಅದರ ಲೆಕ್ಕಗಳನ್ನೇ ಬದಲಿಸಬೇಕು. ಅದು ಬೇರೆಯೇ ಕಥೆ.

ಇನ್ನೊಂದು ಲೆಕ್ಕ ನೋಡಿ. ಎಂಜಿನ್ ಪೂರ್ತಿ ದುಡಿಯುವಾಗಲೂ ಚೊಕ್ಕ ಫಿಲ್ಟರ್ ಇರುವ ಕಂಪನಿ ಡಬ್ಬ ಗಾಳಿಯ ಒತ್ತಡದಲ್ಲಿ ಶೇಕಡಾ ಒಂದೆರಡರಷ್ಟನ್ನು ತಿನ್ನುತ್ತದೆ, ಅಷ್ಟೇ. ಮಂಗಳೂರಿನಿಂದ ಘಾಟಿ ಹತ್ತಿ 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಗಾಳಿಯ ಒತ್ತಡ ಶೇಕಡಾ 10ರಷ್ಟು ಇಳಿದಿರುತ್ತದೆ. ಟರ್ಬೊ ಡೀಸೆಲ್ ಓಡಿಸುವವರಿಗೆ ಆ ಹತ್ತೇ ಸರಿಯಾಗಿ ಗೊತ್ತಾಗುವುದಿಲ್ಲ. ಇನ್ನು ಒಂದು ಶೇಕಡಾ ಉಳಿಸಿದ್ದು ಗೊತ್ತಾಗುತ್ತಾ?

ಮುಂದಿನಿಂದ ಬೀಸುವ ಗಾಳಿಯನ್ನೇ ಒಳಗೆ ತಳ್ಳುತ್ತದೆ ಅಂತ ಹೇಳಿ ಮಾರುವ ಕಿಟ್‌ಗಳೂ ಇವೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ತಳ್ಳು ವಾತಾವರಣದ ಒತ್ತಡದ ಅರ್ಧ ಶೇಕಡಾಕ್ಕಿಂತ ಕಡಿಮೆ. ನಮ್ಮ ರಸ್ತೆಯಲ್ಲಿ ಲೋಡ್ ಹಾಕಿಕೊಂಡು ಅರವತ್ತರಲ್ಲಿ ಹೋಗುವವರು ಇದನ್ನು ಮರೆತೇಬಿಡಬಹುದು.

ಮೈಲೇಜ್ ವಿಷಯಕ್ಕೂ ಅಷ್ಟೇ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಒಂದು ಪರೀಕ್ಷೆ ನಡೆಸಿತ್ತು. ಫ್ಯೂಯೆಲ್ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಫಿಲ್ಟರ್ ಬೇಕಂತಲೇ ಕಟ್ಟಿಸಿ ಓಡಿಸಿದರು. ವೇಗ ಹಿಡಿಯುವುದು ನಿಧಾನ ಆಯಿತು, ಮೈಲೇಜ್ ಮಾತ್ರ ಹೇಳಿಕೊಳ್ಳುವಷ್ಟು ಬೀಳಲಿಲ್ಲ. ಕಟ್ಟಿದ ಫಿಲ್ಟರ್‌ನಿಂದಲೇ ಮೈಲೇಜ್ ಕೆಡದಿದ್ದರೆ ದುಬಾರಿ ಫಿಲ್ಟರ್‌ನಿಂದ ಎಲ್ಲಿಂದ ಹೆಚ್ಚುತ್ತದೆ?

ಹಾಗಾದರೆ ವಿಡಿಯೊಗಳಲ್ಲಿ ತೋರಿಸುವ ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) ನಂಬರ್ ಎಲ್ಲ ಸುಳ್ಳಾ? ಎಲ್ಲವೂ ಸುಳ್ಳಲ್ಲ. ಆ ಗಾಡಿಗಳಲ್ಲಿ ಬಹಳಷ್ಟು ಅಮೆರಿಕದ ದೊಡ್ಡ ಪೆಟ್ರೋಲ್ ವಿ8 ಪಿಕಪ್‌ಗಳು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಾಗ ಒಳ್ಳೆ ಇಂಟೇಕ್‌ನಿಂದ ನಾಲ್ಕಾರು ಹಾರ್ಸ್‌ಪವರ್ ಸಿಗುವುದುಂಟು. ಆದರೆ ಒಂದು ಗಮನಿಸಿ, ಡೈನೊ ಮೇಲೆ ಬಾನೆಟ್ ತೆರೆದು ಎದುರಿಗೆ ದೊಡ್ಡ ಫ್ಯಾನ್ ಇಟ್ಟಿರುತ್ತಾರೆ. ರಸ್ತೆಯಲ್ಲಿ ಬಾನೆಟ್ ಮುಚ್ಚಿರುತ್ತದೆ ಅಲ್ವಾ?

ಕಂಪನಿ ಡಬ್ಬ, ಪೇಪರ್ ಫಿಲ್ಟರ್

ಇದನ್ನು ಹಗುರವಾಗಿ ನೋಡಬೇಡಿ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆ ಅಂದರೂ 10,000 ಲೀಟರ್ ಗಾಳಿ ಬೇಕು. ಸಂಡೂರಿನ ಅದಿರು ಲಾರಿಗಳ ಹಿಂದೆ ಹೋಗುವ ಪಿಕಪ್ ಇಷ್ಟೂ ಗಾಳಿಯನ್ನು ಆ ಕೆಂಪು ಧೂಳಿನ ಜೊತೆಗೇ ಎಳೆದುಕೊಳ್ಳುತ್ತದೆ. ಮಣ್ಣಿನ ಧೂಳಲ್ಲಿ ಮರಳಿನ ಅಂಶ ಇರುತ್ತದೆ. ಅದು ಟರ್ಬೊದ ಬ್ಲೇಡ್ ಅಂಚನ್ನು ತಿನ್ನುತ್ತದೆ, ಸಿಲಿಂಡರ್ ಗೋಡೆಗೆ ಗೀರು ಹಾಕುತ್ತದೆ, ಪಿಸ್ಟನ್ ರಿಂಗ್ ಸವೆಸುತ್ತದೆ. ಆಮೇಲೆ ಆಯಿಲ್ ತಿನ್ನೋದು, ನೀಲಿ ಹೊಗೆ ಬಿಡೋದು, ಕೊನೆಗೆ ಬೋರ್ ಕೆಲಸ.

ಒಳ್ಳೆಯ ಪೇಪರ್ ಫಿಲ್ಟರ್ ಶೇಕಡಾ 99ಕ್ಕಿಂತ ಜಾಸ್ತಿ ಧೂಳನ್ನು ತಡೆಯುತ್ತದೆ. ತಮಾಷೆ ಏನಂದರೆ ಹೊಚ್ಚ ಹೊಸದಕ್ಕಿಂತ ಸ್ವಲ್ಪ ಓಡಿದ ಫಿಲ್ಟರ್ ಇನ್ನೂ ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಇನ್ನೊಂದು ಜಾಲರಿ ಆಗುತ್ತದೆ. ಹಾಗಾಗಿ ಪ್ರತಿ ಸಲ ಪಂಚರ್ ಅಂಗಡಿ ಮುಂದೆ ನಿಂತಾಗ ಫಿಲ್ಟರ್ ತೆಗೆದು ಕಂಪ್ರೆಸರ್ ಗಾಳಿ ಹೊಡೆಸುವ ಅಭ್ಯಾಸ ಬಿಡುವುದು ಒಳ್ಳೆಯದು. ಹೊಡೆಸಲೇಬೇಕು ಅಂದರೆ ಒಳಗಿನ ಚೊಕ್ಕ ಬದಿಯಿಂದ ಹೊರಗೆ, ಕಡಿಮೆ ಒತ್ತಡದಲ್ಲಿ, ನಳಿಕೆ ದೂರ ಹಿಡಿದು. ಹತ್ತಿರದಿಂದ ಹೊಡೆದರೆ ಪೇಪರ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬೀಳುತ್ತದೆ. ಆಮೇಲೆ ಅದು ಫಿಲ್ಟರ್ ಅಲ್ಲ.

ಇನ್ನೊಂದು ಗುಣ ಇಂಟೇಕ್ ಬದಲಿಸಲು ಹೊರಟವರಿಗೆ ಕಾಣುವುದೇ ಇಲ್ಲ. ಕಂಪನಿ ಡಬ್ಬ ಗಾಳಿ ಎಳೆಯುವುದು ಎಂಜಿನ್ ಪಕ್ಕದಿಂದ ಅಲ್ಲ. ಸಾಮಾನ್ಯವಾಗಿ ಮಡ್‌ಗಾರ್ಡ್ ಒಳಗಿನಿಂದಲೋ ಹೆಡ್‌ಲೈಟ್ ಹಿಂದಿನಿಂದಲೋ ಎಳೆಯುತ್ತದೆ. ಅಂದರೆ ಕಂಪನಿಯೇ ಕೊಟ್ಟಿರುವ ಕೋಲ್ಡ್ ಏರ್ ಇಂಟೇಕ್ ಅದು. ದುಡ್ಡು ಆಗಲೇ ಕೊಟ್ಟಿದ್ದೀರಿ.

ಇದರ ಕೊರತೆ ಎರಡು. ಒದ್ದೆಯಾದರೆ ಪೇಪರ್ ಉಬ್ಬಿ ಗಾಳಿ ಕಟ್ಟುತ್ತದೆ. ಮತ್ತೆ ಮತ್ತೆ ಹೊಸದು ತರಬೇಕು. ಧೂಳಿನ ದಾರಿಯವರು ಸರ್ವಿಸ್ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗೆ ಕಾಯದೆ ಮೊದಲೇ ಬದಲಿಸಬೇಕು. ಆದರೂ ಒಂದು ಫಿಲ್ಟರ್‌ನ ಬೆಲೆ ಟರ್ಬೊ ಬೆಲೆಯ ಮುಂದೆ ಚಿಲ್ಲರೆ.

ಅದೇ ಡಬ್ಬದೊಳಗೆ ತೊಳೆದು ಬಳಸುವ ಫಿಲ್ಟರ್

ಕೆ ಅಂಡ್ ಎನ್, ಬಿಎಂಸಿ ಥರದ ಕಾಟನ್ ಫಿಲ್ಟರ್‌ಗಳು ಕಂಪನಿ ಡಬ್ಬದಲ್ಲೇ ಕೂರುತ್ತವೆ. ಹತ್ತಿ ಬಟ್ಟೆಯ ಪದರಗಳಿಗೆ ಎಣ್ಣೆ ಹಚ್ಚಿರುತ್ತಾರೆ, ಧೂಳು ಅದಕ್ಕೆ ಅಂಟುತ್ತದೆ. ಹಾಕಲು ಐದು ನಿಮಿಷ ಸಾಕು. ಕೊಯ್ಯುವುದು, ಕೊರೆಯುವುದು ಏನೂ ಇಲ್ಲ. ಬೇಡ ಅನಿಸಿದರೆ ತೆಗೆದು ಪೇಪರ್ ಹಾಕಿದರಾಯಿತು. ಬದಲಾವಣೆ ಮಾಡಲೇಬೇಕು ಅಂತ ಕೈ ತುರಿಸುವವರಿಗೆ ನಾನು ಹೇಳುವುದು ಇದನ್ನೇ.

ಆದರೆ ಸೋಸುವ ವಿಷಯದಲ್ಲಿ ಇದು ಪೇಪರ್‌ಗಿಂತ ಒಂದು ಕೈ ಕಡಿಮೆ. ಎಣ್ಣೆ ಹಚ್ಚಿದ ಕಾಟನ್ ಸಾಮಾನ್ಯವಾಗಿ ಶೇಕಡಾ 96ರಿಂದ 99ರವರೆಗೆ ತಡೆಯುತ್ತದೆ. ಕೇಳಲು ಚಿಕ್ಕ ವ್ಯತ್ಯಾಸ. ಲೆಕ್ಕವನ್ನು ಉಲ್ಟಾ ಮಾಡಿ ನೋಡಿ. ನೂರು ಗ್ರಾಂ ಧೂಳಿನಲ್ಲಿ 99.5 ತಡೆಯುವ ಫಿಲ್ಟರ್ ಅರ್ಧ ಗ್ರಾಂ ಒಳಗೆ ಬಿಡುತ್ತದೆ. 97.5 ತಡೆಯುವುದು ಎರಡೂವರೆ ಗ್ರಾಂ ಬಿಡುತ್ತದೆ. ಐದು ಪಟ್ಟು! ಬೆಂಗಳೂರು–ಮೈಸೂರು ಹೈವೇಯಲ್ಲಿ ಓಡುವವರಿಗೆ ಇದು ತಲೆಕೆಡಿಸಿಕೊಳ್ಳುವ ವಿಷಯ ಅಲ್ಲ, ಅಲ್ಲಿ ಧೂಳೇ ಕಡಿಮೆ. ಹೊಸಪೇಟೆ, ಸಂಡೂರು ಕಡೆಯವರು, ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ಬೇಸಿಗೆಯಿಡೀ ಹೊಲದ ದಾರಿ ತುಳಿಯುವವರು ಮಾತ್ರ ಪೇಪರ್ ಬಿಟ್ಟು ಕದಲಬೇಡಿ.

ತೊಳೆಯುವುದಕ್ಕೂ ಒಂದು ಕ್ರಮ ಇದೆ. ಅದರದೇ ಕ್ಲೀನರ್ ಹಾಕಿ, ಚೊಕ್ಕ ಬದಿಯಿಂದ ನಿಧಾನ ನೀರು ಬಿಟ್ಟು ತೊಳೆದು, ನೆರಳಲ್ಲಿ ತಾನಾಗಿ ಒಣಗಲು ಬಿಡಬೇಕು. ಕಂಪ್ರೆಸರ್ ಗಾಳಿ ಬೇಡ, ಹೀಟರ್ ಬೇಡ. ಆಮೇಲೆ ಪ್ರತಿ ಮಡಿಕೆಗೂ ಹದವಾಗಿ ಎಣ್ಣೆ. ಕಡಿಮೆ ಆದರೆ ಧೂಳು ನಿಲ್ಲುವುದಿಲ್ಲ. ಜಾಸ್ತಿ ಆದರೆ ಎಣ್ಣೆಯ ತುಂತುರು ಮುಂದಿರುವ, ಒಳಬರುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್ ಮೇಲೆ ಕೂರುತ್ತದೆ. ಡೀಸೆಲ್ ಗಾಡಿಯಲ್ಲಿ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಎಷ್ಟು ತೆರೆಯಬೇಕು ಅಂತ ಇಸಿಯು ಲೆಕ್ಕ ಹಾಕುವುದು ಆ ಸೆನ್ಸರ್ ನೋಡಿಕೊಂಡೇ. ಅದು ತಪ್ಪು ಹೇಳಿದರೆ ಮಸಿ ಹೆಚ್ಚುತ್ತದೆ, ಬಿಎಸ್6 ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಬೇಗ ತುಂಬುತ್ತದೆ.

ಎಣ್ಣೆಯ ರಗಳೆ ಬೇಡ ಅನ್ನುವವರಿಗೆ ಎಣ್ಣೆ ಇಲ್ಲದ ಸಿಂಥೆಟಿಕ್ ಫಿಲ್ಟರ್‌ಗಳಿವೆ. ತೊಳೆಯಲೂ ಬರುತ್ತದೆ, ಸೆನ್ಸರ್‌ಗೂ ತೊಂದರೆ ಇಲ್ಲ. ನಮ್ಮ ಗಾಡಿಗಳ ಅಳತೆಗೆ ಸಿಕ್ಕರೆ ಕಾಟನ್‌ಗಿಂತ ಇದೇ ವಾಸಿ.

ಕೋನ್ ಕಿಟ್

ಇದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಡಬ್ಬ ಕಿತ್ತು, ಹೊಳೆಯುವ ಅಲ್ಯೂಮಿನಿಯಂ ಪೈಪಿನ ತುದಿಗೆ ಬಿಸಿ ಎಂಜಿನ್ ಪಕ್ಕದಲ್ಲೇ ಬೆತ್ತಲೆ ಕೋನ್ ಫಿಲ್ಟರ್ ಸಿಕ್ಕಿಸುತ್ತಾರೆ. ಕಂಪನಿ ಡಬ್ಬಕ್ಕೆ ಹೊರಗಿನ 35 ಡಿಗ್ರಿ ಗಾಳಿ ಸಿಗುತ್ತಿತ್ತು. ಇದಕ್ಕೆ ಬಾನೆಟ್ ಒಳಗಿನ 65 ಡಿಗ್ರಿ ಗಾಳಿ ಸಿಗುತ್ತದೆ ಅಂದುಕೊಳ್ಳಿ. ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಇಳಿಯುತ್ತದೆ. ಒಂದು ಶೇಕಡಾ ಉಳಿಸಲು ಹೋಗಿ ಒಂಬತ್ತು ಕಳೆದುಕೊಂಡ ಹಾಗಾಯಿತು. ಟರ್ಬೊ ದಾಟಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಇದರಲ್ಲಿ ಸ್ವಲ್ಪ ತಗ್ಗಿಸಿಕೊಡುತ್ತದೆ, ನಿಜ. ಆದರೂ ದುಡ್ಡು ಕೊಟ್ಟು ಬಿಸಿ ಗಾಳಿ ಕೊಳ್ಳುವುದು ಯಾಕೆ?

ಪೈಪಿನ ಅಗಲ ಕಂಪನಿ ಪೈಪಿಗಿಂತ ಬೇರೆ ಇದ್ದರೆ ಏರ್ ಫ್ಲೋ ಸೆನ್ಸರ್‌ನ ಲೆಕ್ಕವೂ ತಪ್ಪುತ್ತದೆ, ಯಾಕಂದರೆ ಅದು ನಿರ್ದಿಷ್ಟ ಅಗಲದ ಪೈಪಿಗೇ ಹೊಂದಿಸಿದ್ದು. ಚೆಕ್ ಎಂಜಿನ್ ಲೈಟ್ ಹತ್ತಿಕೊಂಡು ಗ್ಯಾರೇಜ್ ಸುತ್ತುವವರಲ್ಲಿ ಇಂಥವರೂ ಇರುತ್ತಾರೆ. ಸಿಗುವ ಲಾಭ ಒಂದೇ, ಟರ್ಬೊದ ಸುಂಯ್ ಸದ್ದು ಜೋರಾಗಿ ಕೇಳುತ್ತದೆ. ಸದ್ದು ಜಾಸ್ತಿ ಆದರೆ ಗಾಡಿ ಜೋರಾಗಿ ಓಡಿದ ಹಾಗೆ ಅನಿಸುವುದು ಸಹಜ. ಆ ಸದ್ದು ಇಷ್ಟ ಅಂತ ಹಾಕಿಸುವವರ ಜೊತೆ ನನ್ನ ಜಗಳ ಇಲ್ಲ. ಎಳೆತಕ್ಕೆ ಅಂತ ಮಾತ್ರ ಹೇಳಬೇಡಿ.

ಕೊಲ್ಲಿ ದೇಶಗಳಲ್ಲಿ ಇರುವ ನಮ್ಮವರು 2.7 ಲೀಟರ್ ಪೆಟ್ರೋಲ್ ಹೈಲಕ್ಸ್ ಓಡಿಸುತ್ತಿದ್ದರೆ ಕೋನ್ ಕಿಟ್‌ನಿಂದ ತುಸು ಲಾಭ ಕಾಣಬಹುದು. ಆದರೆ ಆ ಮರಳುಗಾಡಿನಲ್ಲಿ ಬೆತ್ತಲೆ ಫಿಲ್ಟರ್ ಬೇಡವೇ ಬೇಡ. ಸುತ್ತ ಮುಚ್ಚಿದ ಡಬ್ಬ ಇರುವ ಕಿಟ್ ಆದರೆ ಮಾತ್ರ ಯೋಚಿಸಿ.

ಸ್ನಾರ್ಕೆಲ್

ಇಷ್ಟರಲ್ಲಿ ನಿಜವಾದ ಬದಲಾವಣೆ ಅಂದರೆ ಇದೊಂದೇ. ಗಾಳಿ ಎಳೆಯುವ ಬಾಯಿಯನ್ನು ಮಡ್‌ಗಾರ್ಡ್ ಒಳಗಿನಿಂದ ಕ್ಯಾಬಿನ್ ಮಾಡಿನ ಮಟ್ಟಕ್ಕೆ ಒಯ್ಯುತ್ತದೆ. ಎಲ್ಲರೂ ಇದನ್ನು ನೀರಿಗೆ ಅಂತಲೇ ಹಾಕಿಸುತ್ತಾರೆ. ನನ್ನ ಲೆಕ್ಕದಲ್ಲಿ ಧೂಳಿಗೂ ಇದರಿಂದ ಅಷ್ಟೇ ಉಪಯೋಗ ಇದೆ. ಮುಂದಿನ ಗಾಡಿಯ ಚಕ್ರ ಎಬ್ಬಿಸಿದ ಧೂಳು ದಟ್ಟವಾಗಿರುವುದು ಕೆಳಗೆ. ಮೇಲೆ ಹೋದಷ್ಟೂ ತೆಳು. ತೋಟದ ದಾರಿಯಲ್ಲಿ ಎರಡು ಮೂರು ಗಾಡಿ ಸಾಲಾಗಿ ಹೋಗುವಾಗ ಹಿಂದಿನ ಗಾಡಿಯ ಫಿಲ್ಟರ್ ಎಷ್ಟು ಬೇಗ ತುಂಬುತ್ತದೆ ಅಂತ ಸಕಲೇಶಪುರ, ಮೂಡಿಗೆರೆ ಕಡೆಯ ಡ್ರೈವರ್‌ಗಳನ್ನು ಕೇಳಿ.

ಇನ್ನು ನೀರು. ಸಿಲಿಂಡರ್ ಒಳಗೆ ನೀರು ಹೋದರೆ ಪಿಸ್ಟನ್ ಅದನ್ನು ಅದುಮಲಾರದು. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಕೆಲವೊಮ್ಮೆ ಬ್ಲಾಕ್ ಒಡೆದು ಹೊರಗೆ ಬರುತ್ತದೆ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್‌ಗೆ ಕಂಪನಿಯೇ 700 ಮಿಲಿಮೀಟರ್ ನೀರು ದಾಟಬಹುದು ಅನ್ನುತ್ತದೆ. ಅದು ನಿಂತ ನೀರಿನಲ್ಲಿ ನಿಧಾನ ಹೋದಾಗಿನ ಮಾತು. ವೇಗವಾಗಿ ನುಗ್ಗಿದರೆ ಎದುರಿಗೆ ಅಲೆ ಎದ್ದು ಅದಕ್ಕಿಂತ ಮೇಲೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ಎಂಥೆಂಥ ಗಾಡಿಗಳು ನೀರಲ್ಲಿ ನಿಂತುಹೋದವು ಅಂತ ಎಲ್ಲರೂ ನೋಡಿದ್ದಾರೆ.

ಸ್ನಾರ್ಕೆಲ್ ಇದೆ ಅಂತ ಪಿಕಪ್ ದೋಣಿ ಆಗುವುದಿಲ್ಲ. ಡಿಫರೆನ್ಷಿಯಲ್, ಗೇರ್‌ಬಾಕ್ಸ್‌ಗಳು ಉಸಿರಾಡುವ ಬ್ರೀದರ್ ಪೈಪ್ ಕೆಳಗೇ ಇದ್ದರೆ ಬಿಸಿ ಎಣ್ಣೆಗೆ ತಣ್ಣೀರು ಸೇರಿ ಹಾಲು ಬಣ್ಣಕ್ಕೆ ತಿರುಗುತ್ತದೆ. ವೈರಿಂಗ್, ಆಲ್ಟರ್ನೇಟರ್ ಎಲ್ಲ ಅದೇ ಜಾಗದಲ್ಲಿರುತ್ತವೆ. ಹರಿಯುವ ಹಳ್ಳದಲ್ಲಂತೂ ಗಾಡಿ ಕೊಚ್ಚಿಕೊಂಡು ಹೋಗುವುದನ್ನು ಯಾವ ಪೈಪೂ ತಡೆಯುವುದಿಲ್ಲ.

ಹಾಕಿಸುವ ಕೆಲಸದಲ್ಲೇ ಇದರ ಒಳ್ಳೆಯದು ಕೆಟ್ಟದ್ದು ತೀರ್ಮಾನ ಆಗುತ್ತದೆ. ಕಿಟ್ ಜೊತೆ ಬರುವ ಕಾಗದದ ಅಚ್ಚನ್ನು ಮಡ್‌ಗಾರ್ಡ್ ಮೇಲೆ ಅಂಟಿಸಿ, ಗುರುತು ಮಾಡಿ, ಹೋಲ್ ಸಾ ಅನ್ನುವ ದುಂಡು ಗರಗಸದಿಂದ ತಗಡು ಕೊರೆಯುತ್ತಾರೆ. ಒಂದು ಸಲ ಕೊರೆದ ಮೇಲೆ ವಾಪಸ್ ಇಲ್ಲ. ಆಮೇಲೆ ಕೊಯ್ದ ಅಂಚಿಗೆ ಪ್ರೈಮರ್, ಬಣ್ಣ ಹಚ್ಚಿದ್ದಾರಾ ನೋಡಿ. ಹಚ್ಚದಿದ್ದರೆ ಎರಡು ಮಳೆಗಾಲದಲ್ಲಿ ಅಲ್ಲಿಂದ ತುಕ್ಕು ಹಬ್ಬುತ್ತದೆ. ಮಡ್‌ಗಾರ್ಡ್ ಒಳಗೆ ಡಬ್ಬಕ್ಕೆ ಸೇರುವ ಜಾಯಿಂಟ್‌ಗೆ ಸೀಲಂಟ್ ಮತ್ತು ಕ್ಲ್ಯಾಂಪ್ ಎರಡೂ ಬೇಕು. ಡಬ್ಬದ ತಳದಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಮೇಲೆ ಸ್ನಾರ್ಕೆಲ್ ಇದ್ದೂ ಕೆಳಗಿನಿಂದ ನೀರು ಎಳೆಯುತ್ತದೆ. ಪೂರ್ತಿ ಮುಚ್ಚಿದರೆ ಜೋರು ಮಳೆಯಲ್ಲಿ ಮೇಲಿಂದ ಬಂದ ಹನಿ ಒಳಗೇ ನಿಲ್ಲುತ್ತದೆ. ಹೊರಗೆ ಮಾತ್ರ ಬಿಡುವ ರಬ್ಬರ್ ವಾಲ್ವ್ ಹಾಕಿಸುವುದೇ ಸರಿ.

ಗ್ಯಾರೇಜ್ ಬಿಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಎಂಜಿನ್ ಐಡಲ್‌ನಲ್ಲಿ ಇರಲಿ, ರೇಸ್ ಮಾಡಬೇಡಿ. ಸ್ನಾರ್ಕೆಲ್ ಬಾಯಿಗೆ ದಪ್ಪ ರಬ್ಬರ್ ಹಾಳೆ ಒತ್ತಿ ಹಿಡಿಯಿರಿ. ಎಂಜಿನ್ ಉಸಿರು ಕಟ್ಟಿ ತಡವರಿಸಬೇಕು ಅಥವಾ ನಿಲ್ಲಬೇಕು. ಏನೂ ಆಗದೆ ಆರಾಮಾಗಿ ಓಡುತ್ತಿದ್ದರೆ ಬೇರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಡಬ್ಬದ ಸುತ್ತ ಕಿವಿ ಕೊಟ್ಟರೆ ಉಸ್ ಅನ್ನುವ ಸದ್ದೇ ಜಾಗ ತೋರಿಸುತ್ತದೆ. ಈ ಪರೀಕ್ಷೆ ಪಾಸಾಗದ ಸ್ನಾರ್ಕೆಲ್ ಬರೀ ಶೋಕಿ. ಮಾರುಕಟ್ಟೆಯಲ್ಲಿ ಡಬ್ಬಕ್ಕೆ ಸೇರಿಸದೆ ಹೊರಗೆ ಅಂಟಿಸಿಬಿಡುವ ಪೈಪ್‌ಗಳೂ ಇವೆ. ಅವನ್ನು ನಂಬಿ ನೀರಿಗಿಳಿದರೆ ಮುಗಿಯಿತು.

ವಿಪರೀತ ಧೂಳಿರುವ ಕಡೆ ಸ್ನಾರ್ಕೆಲ್ ತಲೆಯ ಬದಲು ಪ್ರಿಕ್ಲೀನರ್ ಹಾಕಬಹುದು. ಟ್ರ್ಯಾಕ್ಟರ್ ಬಾನೆಟ್ ಮೇಲೆ ಬಟ್ಟಲಿನ ಹಾಗೆ ಕೂತಿರುತ್ತದಲ್ಲ, ಅದೇ. ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಬದಿಗೆ ಎಸೆಯುತ್ತದೆ, ಫಿಲ್ಟರ್‌ಗೆ ಸಣ್ಣದು ಮಾತ್ರ ಉಳಿಯುತ್ತದೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಓಡುವ ಪಿಕಪ್‌ಗಳಲ್ಲಿ ಇದು ಮಾಮೂಲಿ. ಸಂಡೂರಿನ ಗಣಿ ದಾರಿಗೆ ನನ್ನ ಆಯ್ಕೆ ಇದೇ: ಸ್ನಾರ್ಕೆಲ್, ಅದರ ಮೇಲೆ ಪ್ರಿಕ್ಲೀನರ್, ಡಬ್ಬದೊಳಗೆ ಮಾಮೂಲಿ ಪೇಪರ್ ಫಿಲ್ಟರ್. ಮಲೆನಾಡಿನ ತೋಟದವರಿಗೆ ಪ್ರಿಕ್ಲೀನರ್ ಬೇಕಿಲ್ಲ, ಸ್ನಾರ್ಕೆಲ್ ಜೊತೆ ಬ್ರೀದರ್ ಪೈಪ್ ಎತ್ತರಿಸಿಕೊಂಡರೆ ಸಾಕು. ಬರೀ ಊರು, ಹೈವೇ ಓಡಾಟದವರು ಈ ಯಾವುದನ್ನೂ ಹಾಕಿಸದೆ ಆ ದುಡ್ಡಲ್ಲಿ ಒಳ್ಳೆ ಟೈರ್ ತಗೊಳ್ಳಿ.

ಆರ್‌ಟಿಓ ಮತ್ತು ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಹೇಳಿದ ಮೂಲ ವಿವರಕ್ಕೂ ಆರ್‌ಸಿಗೂ ತಾಳೆ ಆಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ಡಬ್ಬದೊಳಗಿನ ಫಿಲ್ಟರ್ ಬದಲಿಸಿದ್ದನ್ನು ಯಾರೂ ಕೇಳುವುದಿಲ್ಲ. ಹೊರಗೆ ಎದ್ದು ಕಾಣುವ ಸ್ನಾರ್ಕೆಲ್ ಬಗ್ಗೆ ಮಾತ್ರ ಹಾಕಿಸುವ ಮುಂಚೆ ನಿಮ್ಮ ಆರ್‌ಟಿಓದಲ್ಲಿ ವಿಚಾರಿಸಿಕೊಳ್ಳಿ. ಹಳದಿ ಬೋರ್ಡ್ ಗಾಡಿಯವರಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಈ ಪ್ರಶ್ನೆ ಎದುರಾಗಬಹುದು. ಡೀಲರ್ ಕಡೆಯೇ ಅಧಿಕೃತ ಆಕ್ಸೆಸರಿಯಾಗಿ ಸಿಕ್ಕರೆ ಬಿಲ್ ಸಮೇತ ಅಲ್ಲೇ ಹಾಕಿಸಿ, ವಾರಂಟಿಯ ತಕರಾರೂ ತಪ್ಪುತ್ತದೆ.

ಎಂಜಿನ್‌ಗೆ ನೀರು ಹೋದ ನಷ್ಟ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಆಡ್-ಆನ್ ಇದೆ. ಕೊಡಗು, ದಕ್ಷಿಣ ಕನ್ನಡದ ಕಡೆಯವರು ಸ್ನಾರ್ಕೆಲ್ ಹಾಕಿಸಿದರೂ ಇದನ್ನು ಬಿಡಬೇಡಿ. ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಕೀ ತಿರುಗಿಸಬಾರದು. ಎಳೆಸಿಕೊಂಡು ಹೋಗಿ.

ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಆಗಲೇ ಹಾಕಿದ್ದರೆ

ಹಳೆ ವಿ-ಕ್ರಾಸ್ ನೋಡಲು ಹೋದಾಗ ಕೋನ್ ಕಿಟ್ ಕಂಡರೆ ಎಂಜಿನ್ ಆಫ್ ಮಾಡಿಸಿ, ತಣ್ಣಗಾದ ಮೇಲೆ ಫಿಲ್ಟರ್ ದಾಟಿದ ನಂತರದ ಹೋಸ್ ಬಿಚ್ಚಿಸಿ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಳಗೋಡೆ ಒರೆಸಿ. ತೆಳುವಾದ ಎಣ್ಣೆ ಜಿಡ್ಡು ಇದ್ದರೆ ಪರವಾಗಿಲ್ಲ, ಅದು ಎಂಜಿನ್‌ನ ಬ್ರೀದರ್‌ನಿಂದ ಬರುವುದು. ಬಟ್ಟೆಗೆ ಕೆಂಪಗೋ ಕಂದೋ ಮಣ್ಣು ಹತ್ತಿದರೆ, ಬೆರಳಲ್ಲಿ ಉಜ್ಜಿದಾಗ ಚರಚರ ಅಂದರೆ, ಆ ಧೂಳು ಟರ್ಬೊ ದಾಟಿ ಎಂಜಿನ್ ಸೇರಿದೆ. ಟಾರ್ಚ್ ಬಿಟ್ಟು ಟರ್ಬೊದ ಬ್ಲೇಡ್ ಅಂಚು ನೋಡಿ. ಹೊಸದರಲ್ಲಿ ಅಂಚು ಚೂಪಾಗಿ, ಒಂದೇ ಸಮ ಇರುತ್ತದೆ. ಧೂಳು ತಿಂದದ್ದು ಮೊಂಡಾಗಿ, ಹಲ್ಲು ಹಲ್ಲಾಗಿ ಕಾಣುತ್ತದೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆಸಿ, ಹೊಗೆ ಬುಸುಬುಸು ಬರುತ್ತಾ ಅಂತಲೂ ನೋಡಿ.

ಇಷ್ಟೆಲ್ಲ ಸರಿ ಇದ್ದರೆ ಕಂಪನಿ ಡಬ್ಬ ಎಲ್ಲಿದೆ ಅಂತ ಕೇಳಿ. ಎತ್ತಿಟ್ಟಿದ್ದರೆ ಗಾಡಿ ಜೊತೆಗೇ ಇಸಿದುಕೊಳ್ಳಿ. ಗುಜರಿಗೆ ಹಾಕಿಬಿಟ್ಟೆ ಅಂದರೆ ಹೊಸ ಡಬ್ಬ, ಹೋಸ್, ಕ್ಲ್ಯಾಂಪ್‌ಗಳ ಬೆಲೆಯನ್ನು ಶೋರೂಮಿನ ಸ್ಪೇರ್ಸ್ ಕೌಂಟರ್‌ನಲ್ಲಿ ಕೇಳಿಕೊಂಡು ಬಂದು, ಅಷ್ಟನ್ನು ಮುರಿದು ಮಾತಾಡಿ.